ಮಾಮಾನ ಇಂಗ್ಲೆಂಡ್ ಮಠ

ನಮ್ಮ ಸೋದರಮಾವನಿಗೆ ತಲೆ ಸರಿಯಿಲ್ಲ ಎಂದು ಇಂಡಿ ತಾಲೂಕಿನಲ್ಲಿ ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಐನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ರಾಜ ಮುಚ್ಚಿಸಿದ ಮಠಕ್ಕಾಗಿ ಬೆಳಗಿನ ಚಹಾ ಬಿಟ್ಟವನನ್ನು ಹೇಗೆ ಸಮರ್ಥಿಸಲಿ?

ಮಾಮಾ ನಿವೃತ್ತ ಇತಿಹಾಸ ಮಾಸ್ತರ. ಸೊಲ್ಲಾಪುರದಾಚೆ ಕಾಲಿಟ್ಟವನಲ್ಲ. ಊರ ಗ್ರಂಥಾಲಯದ ರಟ್ಟು ಹರಿದ ಪುಸ್ತಕವೊಂದರಲ್ಲಿ ಆ ಮಠದ ಕಥೆ ಓದಿದ. ತಲೆತಲಾಂತರದಿಂದ ದಾರಿಹೋಕರಿಗೆ ರೊಟ್ಟಿ ಹಾಕಿದ ಮಠವಂತೆ. ಧರ್ಮಸುಧಾರಣೆಯ ಹೆಸರಲ್ಲಿ ಬೀಗ ಬಿತ್ತು. ಕಲ್ಲು ಊರವರ ಗೋಡೆಗೆ, ಗ್ರಂಥಗಳ ಹಾಳೆ ಅಂಗಡಿಯ ಪೊಟ್ಟಣಕ್ಕೆ!

ಮಾಮಾ ಕಟ್ಟೆಗೆ ಬಂದು “ಮಠ ಮುಚ್ಚಿತು” ಎಂದು ಕಣ್ಣೊರೆಸಿಕೊಂಡ. ಅಷ್ಟೇ! ಮನೆ ಮುಂದೆ ಜನ ಸೇರಿದರು. ನಿಂಬೆಹಣ್ಣಿನ ವ್ಯಾಪಾರಿ ರಸೂಲಸಾಬರು ಟೆಂಪೋ ನಿಲ್ಲಿಸಿ ಒಳಬಂದರು.

“ಯಾವ ಮಠರಿ ಮಾಸ್ತರ?”

“ಇಂಗ್ಲೆಂಡಿನಾಗಿಂದು.”

“ಯಾವಾಗ ಮುಚ್ಚಿತ್ರಿ?”

“ಐನೂರು ವರ್ಷಾತು.”

“ಮತ್ತ ಈಗ್ಯಾಕ ಅಳಾಕತ್ತೀರಿ?”

“ನನಗ ಗೊತ್ತಾಗಿದ್ದು ಇವತ್ತ ಅಲ್ಲೇನ್ರಿ!”

ಅತ್ತೆ ಒಳಗಿಂದಲೇ, “ಬಂದವರು ಚಾ ಕುಡದ ಹೋಗ್ರಿ. ಇವರ ಮಠ ಇನ್ನೆಲ್ಲೂ ಹೋಗಂಗಿಲ್ಲ” ಎಂದಳು.

ಹೋದ ಮಳೆಗಾಲದಲ್ಲಿ ನಮ್ಮ ಗ್ರಂಥಾಲಯದ ಚಾವಣಿಯೇ ಕುಸಿಯತೊಡಗಿತು. ಬೇರೆ ಕೋಣೆ ಇಲ್ಲ, ಪುಸ್ತಕಗಳನ್ನು ರದ್ದಿಗೆ ಹಾಕೋಣ ಎಂಬ ಮಾತು ಬಂತು. ಆ ರಾಜನೇ ಇಂಡಿ ಬಸ್ಸಿನಿಂದ ಇಳಿದಂತೆ ಮಾಮಾ ಬೆಚ್ಚಿಬಿದ್ದ! ಮನೆಮನೆಗೆ ಓಡಿದ.

“ಲೂಟಿ ಮಾಡ್ರಿ! ಒಬ್ಬೊಬ್ಬರು ಹತ್ತ ಹತ್ತ ಒಯ್ರಿ!”

“ನಮಗ ಓದಾಕ ಬರಂಗಿಲ್ರಿ.”

“ಓದಬ್ಯಾಡ್ರಿ, ತೋಯಿಸಬ್ಯಾಡ್ರಿ ಅಷ್ಟ!”

ರಸೂಲಸಾಬರು ನಿಂಬೆಹಣ್ಣಿನ ಕ್ರೇಟುಗಳಲ್ಲಿ ವಿಶ್ವಕೋಶ ಒಯ್ದರು. ಸಂಜೆಯೊಳಗೆ ಕಪಾಟುಗಳು ಬರಿದಾದವು.

“ಮಾಮಾ, ಇವು ತಿರುಗಿ ಬರ್ತಾವಂತಿಯೇನು?” ಎಂದು ನಾನು ನಕ್ಕೆ. ಮಾಮಾ ಬರಿದಾದ ಕಪಾಟುಗಳ ಬಾಗಿಲನ್ನು ಒಂದೊಂದಾಗಿ ಮುಚ್ಚತೊಡಗಿದ. ನನಗೆ ಕೆಡುಕೆನಿಸಿತು.

ಕಳೆದ ವಾರ ಗ್ರಂಥಾಲಯಕ್ಕೆ ಶಾಲೆಯ ಹಳೇ ಕೋಣೆಯೊಂದು ಸಿಕ್ಕಿತು. ಮಾಮಾ ಬೆಳಗಿನಿಂದ ಬಾಗಿಲಲ್ಲೇ ನಿಂತ. ಮೊದಲು ರಸೂಲಸಾಬರ ಟೆಂಪೋ ಬಂತು, ನಿಂಬೆ ವಾಸನೆಯ ವಿಶ್ವಕೋಶ! ಹಿಂದೆಯೇ ಊರೆಲ್ಲ ಬಂತು. ಹೋದವುಗಳಿಗಿಂತ ಹೆಚ್ಚೇ ಬಂದವು. ಯಾರೋ ಹಳೇ ಪಂಚಾಂಗವನ್ನೂ ಸೇರಿಸಿದ್ದರು.

ಕೊನೆಗೆ ಬಂದವಳು ಅತ್ತೆ. ಅವಳಿಗೆ ಅಕ್ಷರ ಬಾರದು. ರೊಟ್ಟಿ ಕಟ್ಟುವ ಬಿಳಿ ಅರಿವೆಯಲ್ಲಿ ಸುತ್ತಿಟ್ಟಿದ್ದ ಆ ರಟ್ಟು ಹರಿದ ಪುಸ್ತಕವನ್ನು ಮಾಮಾನ ಕೈಗಿಟ್ಟು ಮೆಲ್ಲಗೆ ಕೇಳಿದಳು:

“ಆ ಮಠದಾಗ ರೊಟ್ಟಿ ಮಾಡಾಂವ ಮುಂದ ಎಲ್ಲಿಗೆ ಹೋದನ್ರಿ?”

“ಇದರಾಗ ಬರದಿಲ್ಲ.”

“ನಮ್ಮನಿಗೆ ಬಂದಿದ್ರ ನಾ ಅವಗ ಎರಡ ರೊಟ್ಟಿ ಹಾಕ್ತಿದ್ನಿ.”

ಮಾಮಾ ಮತ್ತೆ ಅತ್ತ. ಈ ಸಲ ಯಾಕೆಂದು ಯಾರೂ ಕೇಳಲಿಲ್ಲ.