ಕೈಗೆ ಲಡಿ ಹಾಕಿಕೊಂಡ ಕೋಚ್

ಮನುಷ್ಯ ಕೆಲಸ ಬಿಟ್ಟರೂ ಅವನ ಕೈಗಳು ಅಷ್ಟು ಬೇಗ ಬಿಡುವುದಿಲ್ಲ. ನಮ್ಮ ಓಣಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರೊಬ್ಬರಿದ್ದಾರೆ. ನೌಕರಿ ಮುಗಿದು ಎಷ್ಟೋ ವರ್ಷವಾಯಿತು. ಈಗಲೂ ಯಾರಾದರೂ ಮದುವೆ ಕಾರ್ಡು ತೋರಿಸಿದರೆ ಅದರ ಮೂಲೆಯನ್ನು ಚೂರು ಹರಿದೇ ವಾಪಸು ಕೊಡುತ್ತಾರೆ. ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಾರಾಯಣಪೇಟೆಯ ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು. ಮಗ್ಗ ಬಿಟ್ಟು ಮಕ್ತಲ್‌ಗೆ ಸೊಸೆಯಾಗಿ ಬಂದು ಒಂದು ಆಯುಷ್ಯವೇ ಕಳೆದರೂ, ಎದುರಿಗೆ ಕೂತ ಹೆಂಗಸಿನ ಸೀರೆಯ ಅಂಚನ್ನು ನನ್ನ ಎರಡು ಬೆರಳುಗಳು ನನ್ನನ್ನು ಕೇಳದೆಯೇ ಹಿಡಿದು ಉಜ್ಜಿ ನೋಡಿರುತ್ತವೆ. ಆಮೇಲೆ ನಾನು ನಾಚಿ ತಲೆ ತಗ್ಗಿಸುತ್ತೇನೆ. ಬೆರಳುಗಳಿಗೆ ಮಾತ್ರ ನಾಚಿಕೆ ಎಂಬುದೇ ಇಲ್ಲ.

ನಿಮ್ಮ ತಾತನ ಕಥೆಯೂ ಇಂಥದೇ, ಮಕ್ಕಳೇ. ಗೋಡೆಯ ಮೇಲಿನ ಫೋಟೋದಲ್ಲಿ ಚೆಂಡನ್ನು ಎದೆಗೆ ಅವುಚಿಕೊಂಡು ನಿಂತಿದ್ದಾರಲ್ಲ, ಅವರು. ನೀಲಾ ಚಿಕ್ಕವಳಿದ್ದಾಗ, "ಅಜ್ಜಿ, ತಾತ ಎಷ್ಟು ಗೋಲ್ ಹೊಡದಾನ?" ಎಂದು ಕೇಳಿದ್ದಳು. ಒಂದೂ ಇಲ್ಲ ಎಂದಾಗ ಅವಳ ಮುಖ ಸಪ್ಪಗಾಯಿತು. ತಾತ ಗೋಲ್‌ಕೀಪರ್, ಹೊಡೆಯುವುದಲ್ಲ, ಹೊಡೆದದ್ದನ್ನು ಹಿಡಿಯುವುದು ಅವರ ಕೆಲಸ ಎಂದು ಹೇಳಿದೆ. ಅವಳಿಗೆ ಅಷ್ಟೇನೂ ಸಮಾಧಾನವಾದಂತೆ ಕಾಣಲಿಲ್ಲ.

ಅವರು ಹೈದರಾಬಾದಿನ ಒಂದು ಕಾರ್ಖಾನೆಯ ತಂಡಕ್ಕೆ ಆಡುತ್ತಿದ್ದರು. ರಜೆಗೆ ಊರಿಗೆ ಬಂದಾಗ ಮನೆಯಲ್ಲಿ ಒಂದು ಲೋಟವೂ ನೆಲಕ್ಕೆ ಬೀಳುವಂತಿರಲಿಲ್ಲ. ನಾನು ಅಡುಗೆಮನೆಯಲ್ಲಿ ಕೈತಪ್ಪಿ ಏನು ಬೀಳಿಸಿದರೂ, ಪಡಸಾಲೆಯಲ್ಲಿ ಕೂತವರು ಅದು ಹೇಗೋ ಬಂದು ನೆಲ ಮುಟ್ಟುವ ಮೊದಲೇ ಹಿಡಿದಿರುತ್ತಿದ್ದರು. ಇಷ್ಟೆಲ್ಲ ಹಿಡಿಯುವವರು, ನಿಮ್ಮಪ್ಪ ಹುಟ್ಟಿದಾಗ ಮಗುವನ್ನು ಎತ್ತಿಕೊಳ್ಳಲು ಹೆದರಿ ಹಿಂದೆ ಸರಿದರು. "ಚೆಂಡು ಬಿದ್ರ ಪುಟೀತೈತಿ. ಇದು ಪುಟಿಯಂಗಿಲ್ಲಲ್ಲ," ಎಂದರು. ನನ್ನ ಅತ್ತೆ ಸುಮ್ಮನೆ ಮಗುವನ್ನು ಅವರ ಕೈಗೆ ಹಾಕಿ ಹೋಗಿಬಿಟ್ಟರು. ಇವರು ಒಂದು ತಾಸು ಕಂಬದ ಹಾಗೆ ನಿಂತೇ ಇದ್ದರು.

ಒಂದು ಪಂದ್ಯದಲ್ಲಿ ಗೋಲಿನ ಕಂಬಕ್ಕೆ ಬಡಿದು ಅವರ ಬಲಭುಜದ ಕೀಲು ಜಾರಿತು. ಅದು ಸರಿಹೋಗುವಷ್ಟರಲ್ಲಿ ಅವರ ಜಾಗಕ್ಕೆ ಇನ್ನೊಬ್ಬ ಬಂದಿದ್ದ. ಊರಿಗೆ ವಾಪಸಾದಾಗ ಅವರ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಹಳೆಯ ಕೈಗವಸುಗಳಿದ್ದವು. ಒಗೆಯಲು ಕೇಳಿದರೆ ಕೊಡಲಿಲ್ಲ. ಆ ಜೋಡಿಗಳನ್ನು ಕಿಟಕಿಯ ಮೇಲೆ ಸಾಲಾಗಿ ಇಟ್ಟು, ಊಟಕ್ಕೆ ಕರೆದರೂ ಕೇಳಿಸದವರಂತೆ ಅವುಗಳನ್ನೇ ನೋಡುತ್ತ ಕೂರುತ್ತಿದ್ದರು. ಮನೆಯಲ್ಲಿ ಮೊದಲ ಬಾರಿ ಒಂದು ಲೋಟ ನೆಲಕ್ಕೆ ಬಿದ್ದು ಉರುಳಿದ್ದು ಆಗಲೇ. ಅವರು ಅಲ್ಲೇ ಇದ್ದರು. ಕೈ ಚಾಚಲಿಲ್ಲ. ನನಗೆ ಹೆದರಿಕೆಯಾಯಿತು.

ಆದ್ದರಿಂದ ಮಕ್ತಲ್‌ನ ಒಂದು ಶಾಲೆಯವರು ಹುಡುಗಿಯರ ತಂಡಕ್ಕೆ ಫುಟ್‌ಬಾಲ್ ಕಲಿಸಲು ಕರೆದಾಗ ನಾನು ದೇವರಿಗೆ ಕಾಯಿ ಒಡೆಸಿದೆ. ಕಾಯಿ ಸ್ವಲ್ಪ ಅವಸರವಾಯಿತು. ತಾತ ಮೈದಾನಕ್ಕೆ ಹೋದದ್ದೇನೋ ನಿಜ, ಆದರೆ ಗೋಲಿನಿಂದ ಈಚೆಗೆ ಬರಲಿಲ್ಲ. ಅವರ ಗೋಲ್‌ಕೀಪರ್ ಪಾರ್ವತಿ ಎಂಬ ಹುಡುಗಿ. "ಸರಿ ಆಕಡೆ, ಹೆಂಗ ಹಿಡೀಬೇಕು ತೋರಸ್ತೀನಿ," ಎಂದು ಅವಳನ್ನು ಪಕ್ಕಕ್ಕೆ ಸರಿಸಿ ತಾವೇ ನಿಲ್ಲುತ್ತಿದ್ದರಂತೆ. ಅವಳು ಕಂಬಕ್ಕೆ ಒರಗಿ ಕಡಲೆ ತಿನ್ನುತ್ತಿದ್ದಳಂತೆ. ಮೂರು ತಿಂಗಳಲ್ಲಿ ಅವಳು ಕಲಿತದ್ದು ಕಡಲೆ ತಿನ್ನುವುದನ್ನೇ.

ಮೊದಲ ಪಂದ್ಯ ನಾರಾಯಣಪೇಟೆಯಲ್ಲಿ, ನನ್ನ ತವರಲ್ಲಿ. ನನ್ನ ಅಣ್ಣಂದಿರೆಲ್ಲ ಭಾವನ ತಂಡ ನೋಡಲು ಹೋಗಿದ್ದರು. ಗೆರೆಯ ಆಚೆ ನಿಲ್ಲಬೇಕಾದ ತಾತ ಗೆರೆ ಹಿಡಿದು ಒಂದೊಂದೇ ಹೆಜ್ಜೆ ಸರಿಯುತ್ತ ಗೋಲಿನ ಹತ್ತಿರಕ್ಕೇ ಬಂದಿದ್ದರು. ಎದುರಿನವರು ಬಲವಾಗಿ ಹೊಡೆದರು. ಪಾರ್ವತಿ ಹಾರುವ ಮೊದಲೇ ತಾತ ಹಾರಿ ಚೆಂಡು ಹಿಡಿದುಬಿಟ್ಟರು! ರೆಫರಿ ಎದುರಿನವರಿಗೆ ಪೆನಾಲ್ಟಿ ಕೊಟ್ಟು ತಾತನನ್ನು ಮೈದಾನದಿಂದ ಆಚೆ ಕಳಿಸಿದರು. ತಂಡ ಸೋತಿತು. ನನ್ನ ದೊಡ್ಡಣ್ಣ ಮಾತ್ರ ಮನೆಗೆ ಬಂದು, "ಏನ ಅನ್ನು ತಂಗಿ, ಹಿಡದಿದ್ದು ಮಾತ್ರ ಭಾರಿ ಹಿಡದ್ರು," ಎಂದ.

ಹೆಡ್ ಮಾಸ್ತರರು ಹಾಗೆ ಹೇಳಲಿಲ್ಲ. ನಮ್ಮ ಮನೆಗೇ ಬಂದು, ಚಹಾ ಕುಡಿದು, ಮೆಲ್ಲಗೆ ಹೇಳಿದರು: "ನೀವು ಆಟ ಕಲಸಾಕ ಬಂದೀರಿ ಸಾರ್, ಆಡಾಕ ಅಲ್ಲ. ಗದ್ವಾಲ್‌ದ ಪಂದ್ಯದಾಗ ಇನ್ನೊಮ್ಮೆ ನಿಮ್ಮ ಕೈ ಚೆಂಡಿಗೆ ಹತ್ತಿತಂದ್ರ, ನಾವು ಬ್ಯಾರೆಯವ್ರನ್ನ ನೋಡ್ಕೋಬೇಕಾಗ್ತೈತಿ."

ಅವರು ಹೋದ ಮೇಲೆ ತಾತ ಕಿಟಕಿಯ ಮೇಲಿನ ಕೈಗವಸುಗಳನ್ನೇ ನೋಡುತ್ತ ಕೂತರು. ಆ ಕೂರುವಿಕೆ ನನಗೆ ಗೊತ್ತಿತ್ತು. ಇದೂ ಹೋದರೆ ಇವರು ಮತ್ತೆ ಎದ್ದೇಳುವುದಿಲ್ಲ ಎನಿಸಿತು.

"ಬೇಕಂತ ಹಿಡೀಲಿಲ್ಲ ನಾ. ಚೆಂಡು ಬಂತು, ಕೈ ಹೋತು," ಎಂದರು.

"ಹಂಗಾರ ಕೈ ಮನಿಯಾಗ ಬಿಟ್ಟು ಹೋಗ್ರಿ," ಎಂದೆ. ನಾನು ತಮಾಷೆ ಮಾಡುವವಳಲ್ಲ. ಅದಕ್ಕೇ ಏನೋ ನಕ್ಕರು.

ಕೈಗಳನ್ನು ಪಳಗಿಸುವ ಕೆಲಸ ಅಂಗಳದಲ್ಲಿ ಶುರುವಾಯಿತು. ನಾನು ನಿಂಬೆಹಣ್ಣು ಎಸೆಯಬೇಕು, ಅವರು ಹಿಡಿಯದೆ ನಿಲ್ಲಬೇಕು. ಕೈಕಟ್ಟಿ ನಿಂತರು, ಹಿಡಿದರು. ಕೈಯನ್ನು ಬೆನ್ನ ಹಿಂದೆ ಇಟ್ಟರು, ಅಲ್ಲಿಂದಲೂ ತಂದು ಹಿಡಿದರು. ಜೇಬಿನಲ್ಲಿ ಇಟ್ಟುಕೊಂಡರು, ಜೇಬು ಹರಿಯಿತು. ಎರಡು ಸಲ ಹೊಲಿದುಕೊಟ್ಟೆ. ಹೊಲಿಯುತ್ತ ಕೂತಾಗಲೇ ನನಗೆ ಅಪ್ಪನ ನೆನಪಾದದ್ದು.

ನಮ್ಮ ತವರಲ್ಲಿ ನೂಲಿನ ಲಡಿ ಸಿಕ್ಕಾದರೆ ರಾಟೆಗೆ ಹತ್ತುತ್ತಿರಲಿಲ್ಲ. ಒಬ್ಬರು ಆ ಲಡಿಯನ್ನು ಬಳೆಯ ಹಾಗೆ ಎರಡೂ ಮುಂಗೈಗೆ ಹಾಕಿಕೊಂಡು ಅಗಲಿಸಿ ಹಿಡಿಯಬೇಕು, ಎದುರಿಗೆ ಕೂತವರು ಎಳೆ ಬಿಡಿಸಿ ಉಂಡೆ ಸುತ್ತಬೇಕು. ಹಿಡಿದವರು ಕೈ ಅಲ್ಲಾಡಿಸಿದರೆ ಎಳೆ ಹರಿಯುತ್ತದೆ. ಯಾವ ಮಕ್ಕಳು ಹೆಚ್ಚು ತುಂಟತನ ಮಾಡುತ್ತಾರೋ ಅವರ ಕೈಗೇ ಅಪ್ಪ ಲಡಿ ಹಾಕಿ ಕೂರಿಸುತ್ತಿದ್ದರು. ಹೊಡೆಯದೆ ಬಯ್ಯದೆ ನಮ್ಮನ್ನು ಸುಮ್ಮನಿರಿಸುವ ಉಪಾಯ ಅವರಿಗೆ ಅದೊಂದೇ ಗೊತ್ತಿತ್ತು.

ಇದನ್ನು ಹೇಳಿದೆ. ತಾತ ಕೇಳಿದರು: "ಎಳಿ ಹರದ್ರ ಏನಾಗ್ತೈತಿ?"

"ಗಂಟು ಹಾಕಬೇಕು. ಗಂಟು ಸೀರ್ಯಾಗ ಕಾಣ್ತೈತಿ. ಕೆಲಸ ಕೆಟ್ಟಂಗ."

ಕೈಗೆ ಬಂದದ್ದನ್ನು ಕೆಡಿಸುವುದು ಅವರ ಜಾಯಮಾನವಲ್ಲ. ಒಪ್ಪಿದರು. ಆಮೇಲೆ, "ಎದುರಿಗೆ ಕುಂತು ಸುತ್ತೋರು ಯಾರು?" ಎಂದರು. ಅದನ್ನು ಮಾತ್ರ ನಾನು ಯೋಚಿಸಿರಲಿಲ್ಲ. ಗಂಡಸರು ತುಂಬಿದ ಮೈದಾನಕ್ಕೆ ಅಂದಿನವರೆಗೆ ಒಂದು ದಿನವೂ ಕಾಲಿಟ್ಟವಳಲ್ಲ ನಾನು. ಅವರು ಹೈದರಾಬಾದಿಗೆ ಎಷ್ಟು ಸಲ ಕರೆದರೂ ಒಂದು ಆಟ ನೋಡಲು ಹೋಗಿರಲಿಲ್ಲ. ಈಗ ನನ್ನ ಬಾಯಿಂದಲೇ ನಾನು ಸಿಕ್ಕಿಬಿದ್ದಿದ್ದೆ.

ಗದ್ವಾಲ್‌ನ ಮೈದಾನದಲ್ಲಿ ಗೆರೆಯಾಚೆ ಒಂದು ಸ್ಟೂಲಿನ ಮೇಲೆ ತಾತ ಕೂತರು, ಮುಂಗೈಗಳಲ್ಲಿ ಕೆಂಪು ಲಡಿ. ಎದುರಿಗೆ ನೆಲದ ಮೇಲೆ ನಾನು, ತಲೆಯ ಮೇಲೆ ಸೆರಗು ಎಳೆದುಕೊಂಡು, ಮೈದಾನಕ್ಕೆ ಬೆನ್ನು ಮಾಡಿ. ಜನಕ್ಕೆ ಆಟಕ್ಕಿಂತ ನಾವೇ ಹೆಚ್ಚಾದೆವು. "ಏಂ ಸಾರೂ, ಕೋಚಿಂಗಾ, ನೇತ ಪನಾ?" ಎಂದು ಒಬ್ಬ ತೆಲುಗಿನಲ್ಲಿ ಕೂಗಿದ. ಕೋಚಿಂಗೋ ನೇಯ್ಗೆಯ ಕೆಲಸವೋ ಎಂದು ಎಲ್ಲರೂ ನಕ್ಕರು. ಭೂಮಿ ಬಾಯ್ಬಿಟ್ಟರೆ ಸಾಕು ಎನಿಸಿತು. ಅದು ಬಿಡಲಿಲ್ಲ, ನಾನು ಸುತ್ತತೊಡಗಿದೆ.

ಆಟ ನನ್ನ ಬೆನ್ನ ಹಿಂದೆ ನಡೆಯುತ್ತಿತ್ತು. ಆದರೂ ನನಗೆ ಎಲ್ಲ ಗೊತ್ತಾಗುತ್ತಿತ್ತು. ಚೆಂಡು ದೂರವಿದ್ದಾಗ ಎಳೆ ಸಡಿಲವಾಗಿ ಬರುತ್ತಿತ್ತು. ನಮ್ಮ ಗೋಲಿನ ಕಡೆ ಬಂದಾಗ ಬಿಗಿಯುತ್ತಿತ್ತು. ಅವರ ಮುಖವನ್ನು ಹಗಲು ಬೆಳಕಿನಲ್ಲಿ ಅಷ್ಟು ಹೊತ್ತು ನೇರವಾಗಿ ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ನಮ್ಮವರು ಒಂದು ಗೋಲು ಮುಂದಿದ್ದರು. ಕೊನೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಎಳೆ ತಂತಿಯಾಯಿತು. ತಾತನ ಕೈಗಳು ಎದೆಯ ಮಟ್ಟಕ್ಕೆ ಎದ್ದವು. ಎಳೆ ಹರಿಯಬಾರದೆಂದು ಉಂಡೆ ಹಿಡಿದ ನಾನೂ ಮಂಡಿಯ ಮೇಲೆ ಎದ್ದೆ. ಆ ಕೈಗಳು ಅಲ್ಲೇ ನಿಂತವು. ಮುಂದೆ ಹೋಗಲಾರದೆ, ಹಿಂದೆ ಬರಲಾರದೆ. ಆಗ ಅವರ ಬಾಯಿ ತೆರೆಯಿತು. "ಪಾರೀ, ಎಡಕ್ಕ! ಎಡಕ್ಕ ಬೀಳು!"

ನನ್ನ ಬೆನ್ನ ಹಿಂದೆ ದೊಡ್ಡ ಕೂಗೆದ್ದಿತು. ಯಾರ ಕೂಗೋ ತಿಳಿಯಲಿಲ್ಲ. ತಿರುಗಿ ನೋಡುವ ಧೈರ್ಯವಾಗಲಿಲ್ಲ. "ಏನಾತ್ರಿ?" ಎಂದೆ.

"ಹಿಡದ್ಲು," ಎಂದರು. ಕೈಗಳು ಮೆಲ್ಲಗೆ ಇಳಿದವು. ಎಳೆ ಹರಿದಿರಲಿಲ್ಲ. "ನಾ ಹಿಡದಿದ್ರ ಇಷ್ಟು ಚಂದ ಕಾಣ್ತಿರ್ಲಿಲ್ಲ," ಎಂದರು. ಅವರ ಕಣ್ಣು ತುಂಬಿತ್ತು. ಎರಡೂ ಕೈ ಲಡಿಯಲ್ಲಿದ್ದುದರಿಂದ ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ. ಅಷ್ಟು ಜನರ ನಡುವೆ ನನ್ನ ಸೆರಗಿನಿಂದ ನಾನೇ ಒರೆಸಿದೆ. ಆ ಧೈರ್ಯ ಎಲ್ಲಿಂದ ಬಂತೋ ಇಂದಿಗೂ ತಿಳಿಯದು.

ಆಮೇಲೆ ಅವರಿಗೆ ಲಡಿ ಬೇಕಾಗಲಿಲ್ಲ. ನಾನೂ ಮತ್ತೆ ಮೈದಾನಕ್ಕೆ ಹೋಗಲಿಲ್ಲ. ಕೈಗವಸುಗಳನ್ನು ಒಂದೊಂದೇ ಜೋಡಿ ಹುಡುಗಿಯರಿಗೆ ಕೊಟ್ಟುಬಿಟ್ಟರು. ಮುಪ್ಪಿನವರೆಗೂ ಗೆರೆಯಾಚೆ ನಿಂತೇ ಕಲಿಸಿದರು. ಈಗ ಅವರಿಲ್ಲ. ಪಾರ್ವತಿ ಮಕ್ತಲ್‌ನಲ್ಲಿ ಕೋಚ್ ಆಗಿದ್ದಾಳೆ, ನಮ್ಮ ನೀಲಾ ಅವಳ ಗೋಲ್‌ಕೀಪರ್.

ಹೋದ ತಿಂಗಳು ನೀಲಾ ಹಟ ಹಿಡಿದು ನನ್ನನ್ನು ಪಂದ್ಯಕ್ಕೆ ಕರೆದೊಯ್ದಳು. ಈ ಸಲ ಕುರ್ಚಿ, ಅದೂ ಮೈದಾನಕ್ಕೆ ಮುಖ ಮಾಡಿ. ನಾನು ಸಂಕೋಚದಿಂದ ಮುದುಡಿ ಕೂತಿದ್ದೆ, ಅಷ್ಟು ನೆನಪಿದೆ. ಯಾವಾಗ ಎದ್ದೆನೋ, ಗೆರೆಯ ಹತ್ತಿರ ಯಾವಾಗ ಹೋದೆನೋ ಗೊತ್ತಿಲ್ಲ. ಚೆಂಡು ಗೆರೆ ದಾಟುವ ಮೊದಲೇ ನನ್ನ ಕೈಯಲ್ಲಿತ್ತು, ರೆಫರಿ ಸೀಟಿ ಊದುತ್ತಿದ್ದರು, ನೀಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಪಾರ್ವತಿ ಓಡಿ ಬಂದು ಚೆಂಡು ಬಿಡಿಸಿಕೊಂಡು, "ಅವ್ವಾರ, ಮುಂದಿನ ಸಲ ಬರೋವಾಗ ಲಡಿ ತಗೊಂಡು ಬರ್ರಿ," ಎಂದಳು.

ನಾರಾಯಣಪೇಟೆಯಿಂದ ಲಡಿಯನ್ನೇನೋ ತರಿಸಿದ್ದೇನೆ. ಆದರೆ ಎದುರಿಗೆ ಕೂತು ಸುತ್ತುವವರು ಮೈದಾನಕ್ಕೆ ಬೆನ್ನು ಮಾಡಿ ಕೂರಬೇಕಲ್ಲ. ಅಷ್ಟು ನಾಚಿಕೆಯವರು ಈಗ ಈ ಮನೆಯಲ್ಲಿ ಯಾರೂ ಉಳಿದಿಲ್ಲ.