ಸ್ಪೀಕರಿನೊಳಗಿನ ಉಸಿರು

ನಮ್ಮ ಲಿಂಗಸುಗೂರಿನ ಮನೆಗೆ ದೆವ್ವವನ್ನು ಕರೆತಂದವರು ನಮ್ಮ ಮನೆಯವರೇ, ಅದೂ ರಟ್ಟಿನ ಡಬ್ಬಿಯಲ್ಲಿ, ಥರ್ಮೋಕೋಲ್ ಇಟ್ಟು.

ತೊಂಬತ್ತೊಂಬತ್ತರಲ್ಲಿ ಬಂದ ಆ ಸೀಡಿ ಪ್ಲೇಯರಿನ ಸ್ಪೀಕರುಗಳು ಪಡಸಾಲೆಯಲ್ಲಿ ದ್ವಾರಪಾಲಕರಂತೆ ನಿಂತವು. ಮನೆಯವರು, ಅಂದರೆ ಆದಪ್ಪನವರು, ಉಪನ್ಯಾಸ ಶುರು ಮಾಡಿದರು. "ಕ್ಯಾಸೆಟ್ ಅಂದ್ರ ಕಾಲುವಿ ನೀರು ಇದ್ದಂಗ, ರಾಡಿ ಇರತೈತಿ. ಸೀಡಿ ಅಂದ್ರ ಸೋಸಿದ ನೀರು. ಮೂಲ ಸ್ವಚ್ಛ ಇದ್ರ ಸ್ಪೀಕರಿನ್ಯಾಗ ಬರೋದೂ ಸ್ವಚ್ಛ."

ನಮ್ಮಲ್ಲಿದ್ದ ಮೂಲ ಒಂದೇ. ತೀರಿಕೊಂಡ ನಮ್ಮತ್ತೆ ತಿಮ್ಮವ್ವ ಮಸ್ಕಿಯಲ್ಲಿ ಶ್ರಾವಣ ಸೋಮವಾರದ ಸಂಜೆ ತತ್ವಪದ ಹಾಡಿದ ಕ್ಯಾಸೆಟ್. ನಾದಿನಿ ಕನಕಮ್ಮ ತಾಳ ಹಾಕಿದ್ದರು. ಮಿಕ್ಕವರೆಲ್ಲ ನಡುವೆ ಎದ್ದುಹೋದರೂ ಕೊನೆಯತನಕ ಗೋಡೆಗೆ ಒರಗಿ ಕೇಳಿದವಳು ಸೊಸೆ ಸೂಗಮ್ಮ, ಅಂದರೆ ನಾನು. ಬಳಗದಲ್ಲಿ ಇದೇ ನನ್ನ ಕೀರ್ತಿ. (ನಾನಾಗಿ ಹೇಳಿಕೊಂಡದ್ದಲ್ಲ, ಕೇಳದವರಿಗೆ ಮಾತ್ರ ಹೇಳಿದ್ದೇನೆ.)

ಸಿಂಧನೂರಿನ ಕ್ಯಾಸೆಟ್ ಅಂಗಡಿಯ ಮೌಲಾಸಾಬ್ ಕಂಪ್ಯೂಟರಿನಲ್ಲಿ ಕ್ಯಾಸೆಟ್ಟಿನ 'ಸುಯ್' ಸದ್ದನ್ನೆಲ್ಲ ತೆಗೆದು ಸೀಡಿ ಮಾಡಿಕೊಟ್ಟ. ಮಧ್ಯಾಹ್ನ ಒಬ್ಬಳೇ ಇದ್ದಾಗ ಸೀಡಿ ಹಚ್ಚಿದೆ. ಅತ್ತೆ ಅಡುಗೆಮನೆಯಿಂದ ಹಾಡಿದಂತಿತ್ತು. ಮೂರನೆಯ ಪದ ಮುಗಿಯಿತು. ನನ್ನ ಬಳೆಯ ಸದ್ದು ನನಗೇ ಅಂಜಿಕೆ ತರುವಂಥ ಮೌನ. ಆ ಮೌನದೊಳಗೆ ಯಾರೋ ಉಸಿರೆಳೆದರು. ನಿಧಾನವಾಗಿ, ಗಂಟಲಲ್ಲಿ ತಡೆದು, ಬಿಟ್ಟರು.

ಅತ್ತೆ ತೀರಿಕೊಂಡದ್ದು ದಮ್ಮಿನಿಂದ. ಬಟನ್ ಒತ್ತಿ ದೇವರ ಮನೆಗೆ ಓಡಿದೆ.

ಮರುದಿನವೂ ಅದೇ ಜಾಗ, ಅದೇ ಉಸಿರು. ಸ್ಪೀಕರಿಗೆ ವಿಭೂತಿ ಹಚ್ಚಿದೆ, ದೀಪವಿಟ್ಟೆ. ಉಸಿರು ನಿಲ್ಲಲಿಲ್ಲ.

"ಈ ಡಬ್ಬಿ ವಾಪಸ್ ಕೊಡ್ರಿ. ಅತ್ತಿಯವರು ಮ್ಯಾಲ ಹೋದ್ರೂ ದಮ್ಮು ಅವರ್ನ ಬಿಟ್ಟಿಲ್ಲ," ಎಂದೆ ಮನೆಯವರಿಗೆ.

"ಸತ್ತೋರು ಯಾಕ ಉಸಿರಾಡ್ತಾರ, ಲೇ?"

"ನೀವ ಸೋಸಿ ಹೊರಗ ತೆಗದೀರಲ್ಲ."

ಕೊನೆಗೆ ಒಪ್ಪಂದವಾಯಿತು. ಹಿರಿಯರಿಗೆ ಎಡೆ ಹಿಡಿಯುವ ದಿನ ಎಲ್ಲರೆದುರು ಹಚ್ಚುವುದು. ಉಸಿರು ಬಂದರೆ ಯಂತ್ರ ವಾಪಸ್.

ಆ ದಿನ ಹೋಳಿಗೆಯ ಎಡೆ ಇಟ್ಟು ಬಳಗವೆಲ್ಲ ಕೈಮುಗಿದು ನಿಂತಿತು. ಮೂರನೆಯ ಪದ ಮುಗಿಯಿತು. ಉಸಿರು ಬಂತು. ಮಂದಿ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಬಟನ್ನಿಗೆ ಕೈ ಚಾಚಿದೆ. ಮಸ್ಕಿಯಿಂದ ಬಂದಿದ್ದ ಕನಕಮ್ಮ ಆ ಕೈ ಹಿಡಿದರು.

"ಬಿಡವ್ವ, ಮುಂದ ಕೇಳೂಣು."

ಉಸಿರು ಏರಿತು, ಗುಡುಗಿತು, ತುದಿಯಲ್ಲೊಂದು ಸಣ್ಣ ಸೀಟಿ ಊದಿತು. ಮನೆಯವರು ಮೆಲ್ಲಗೆ ನನ್ನ ಕಡೆ ತಿರುಗಿದರು. (ಆ ಸೀಟಿಯ ಪರಿಚಯ ಅವರಿಗೆ ಮದುವೆಯಾದಾಗಿನಿಂದ.) ಆಮೇಲೆ ಅತ್ತೆಯ ಪಿಸುಮಾತು ಕೇಳಿಸಿತು:

"ಕನಕಿ, ತಾಳ ಮೆಲ್ಲಕ ಹಾಕ. ಸೂಗಿ ಮಲಗ್ಯಾಳ. ಮುಂಜಾನಿಂದ ರೊಟ್ಟಿ ಬಡದು ದಣಿದಾಳ, ಪಾಪ."

ನಾಲ್ಕನೆಯ ಪದವನ್ನು ಅತ್ತೆ ಜೋಗುಳದಷ್ಟು ಮೆಲ್ಲಗೆ ಹಾಡಿದ್ದರು.

"ಯಾರಿಗೂ ಹೇಳಬ್ಯಾಡಂತ ಅವ್ವ ಆಣಿ ಹಾಕಿಸಿದ್ಳು," ಎಂದರು ಕನಕಮ್ಮ. "ನಾ ಹೇಳಿಲ್ಲ ನೋಡು. ಸೀಡಿ ಹೇಳೈತಿ."

ಯಂತ್ರ ನಮ್ಮಲ್ಲೇ ಉಳಿಯಿತು. ಸ್ಪೀಕರಿನ ವಿಭೂತಿ ಒರೆಸಿ, ಆ ನಾಲ್ಕನೆಯ ಪದವನ್ನು ಈ ಸಲವಾದರೂ ಪೂರ್ತಿ ಕೇಳಬೇಕೆಂದು ಗೋಡೆಗೆ ಒರಗಿ ಕುಳಿತೆ. ಕೇಳಿದೆನೆಂದೇ ನನ್ನ ನಂಬಿಕೆ. ಆದರೆ ಮನೆಯವರ ಪ್ರಕಾರ, ಸೀಡಿ ನಿಂತು ಎಷ್ಟೋ ಹೊತ್ತಾದರೂ ಪಡಸಾಲೆಯಲ್ಲಿ ಉಸಿರು ಮಾತ್ರ ನಿಂತಿರಲಿಲ್ಲವಂತೆ.