ಇಳಿಜಾರು ಹುಡುಕುವ ಅತ್ತೆ

ನಮ್ಮ ಸೋದರತ್ತೆ ಯಾವ ಹೊಸ ಊರಿಗೆ ಹೋದರೂ ಮೊದಲು ವಿಚಾರಿಸುತ್ತಿದ್ದದ್ದು ಅಲ್ಲಿನ ಇಳಿಜಾರನ್ನು. ಬೇರೆಯವರು ದೇವಸ್ಥಾನ ಎಲ್ಲಿ, ಹೋಟೆಲ್ ಎಲ್ಲಿ ಅಂತ ಕೇಳಿದರೆ ಇವಳು "ಇಲ್ಲಿ ರೋಡು ಎಲ್ಲಿ ತಗ್ಗಾಗುತ್ತೆ ಕಣಪ್ಪಾ?" ಅನ್ನೋಳು. ಶ್ರೀನಿವಾಸಪುರ, ಮುಳಬಾಗಿಲು, ಕೋಲಾರ, ಮಾಲೂರು, ಈ ನಾಲ್ಕೂ ಊರುಗಳಲ್ಲಿ ಯಾವ ಬೀದಿ ಯಾವ ಕಡೆಗೆ ಎಷ್ಟು ವಾಲಿದೆ ಅನ್ನುವುದು ಆ ಬೀದಿ ಹಾಕಿದ ಇಂಜಿನಿಯರಿಗೂ ಅವಳಷ್ಟು ಗೊತ್ತಿರಲಾರದು.

ಕಾರಣ ಅವಳ ಪಿಕಪ್ಪು. ತೊಂಬತ್ತರ ದಶಕದ ಶುರುವಿನಲ್ಲಿ ಮಾವ, ಅಂದರೆ ಅವಳ ಗಂಡ, ಮಾಲೂರಿನ ಇಟ್ಟಿಗೆ ಗೂಡಿನವರೊಬ್ಬರಿಂದ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡುಕೊಂಡು ಗೌನಿಪಲ್ಲಿ ಪಕ್ಕದ ತಮ್ಮ ಮಾವಿನ ತೋಟಕ್ಕೆ ತಂದರು. ಮೊದಲು ಯಾವ ಬಣ್ಣದ್ದಾಗಿತ್ತೋ ಏನೋ, ತೋಟಕ್ಕೆ ಬರುವ ಹೊತ್ತಿಗೆ ಇಟ್ಟಿಗೆ ಬಣ್ಣವೇ ಆಗಿತ್ತು. ಮಾವ ಅದೇ ದಿನ ಎಲ್ಲರ ಮುಂದೆ ಓಡಿಸಿ ತೋರಿಸಲು ಹೋಗಿ ನೇರವಾಗಿ ರಾಗಿ ಹುಲ್ಲಿನ ಬಣವೆಯೊಳಕ್ಕೆ ನುಗ್ಗಿಸಿದರು. ಬಾಗಿಲು ತೆರೆದು, ತಲೆಯ ಮೇಲಿನ ಹುಲ್ಲು ಕೊಡವಿಕೊಂಡು, ಕೈಕಾಲು ತೊಳೆಯಲು ಬಚ್ಚಲಿಗೆ ಹೋದವರು ಮತ್ತೆ ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಲಿಲ್ಲ.

"ದನಕ್ಕೆ ಹುಲ್ಲು ಹಾಕೋದು ಹೆಂಗೆ ಈಗ?" ಅಂತ ಅತ್ತೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ತಾನೇ ಹತ್ತಿ ಕೂತು, ಅದನ್ನೂ ಇದನ್ನೂ ಎಳೆದು ನೋಡಿ, ಗಾಡಿಯನ್ನು ಬಣವೆಯಿಂದ ಹಿಂದಕ್ಕೆ ತೆಗೆದಳು. ಲೋಕದ ಡ್ರೈವರುಗಳೆಲ್ಲ ಮೊದಲು ಒಂದನೇ ಗೇರು ಕಲಿತರೆ ನಮ್ಮತ್ತೆ ಮೊದಲು ಕಲಿತದ್ದು ರಿವರ್ಸ್.

ಲೈಸೆನ್ಸಿಗೆ ಹೋದಾಗ ಇನ್‌ಸ್ಪೆಕ್ಟರು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದ ಈ ಹೆಂಗಸನ್ನು ನೋಡಿ ನಕ್ಕು, "ಎಂಟು ಹಾಕ್ತೀಯೇನಮ್ಮಾ?" ಅಂದರಂತೆ. ಇವಳು ಬಹಳ ವಿನಯದಿಂದ ಕೇಳಿದಳು: "ಹಾಕ್ತೀನಿ ಸ್ವಾಮಿ. ಲೋಡ್ ಇಟ್ಕೊಂಡೋ, ಖಾಲಿನೋ?"

ಬಂದ ಎರಡೇ ವರ್ಷಕ್ಕೆ ಗಾಡಿಯ ಸೆಲ್ಫ್ ಕೆಟ್ಟಿತು. ಕೀ ತಿರುಗಿಸಿದರೆ ಟಿಕ್ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಮಾಡಿಸು ಅಂದರೆ ಅತ್ತೆ, "ಪೋನೀ, ಹೋಗ್ಲಿ ಬಿಡು, ಭೂಮ್ತಾಯಿ ತಳ್ತಾಳೆ" ಅಂದುಬಿಟ್ಟಳು. ಅಲ್ಲಿಂದ ಶುರುವಾಯಿತು ಈ ಇಳಿಜಾರಿನ ವ್ರತ. ಎತ್ತರದಲ್ಲಿ ನಿಲ್ಲಿಸೋದು, ಹೊರಡುವಾಗ ಹ್ಯಾಂಡ್‌ಬ್ರೇಕ್ ಬಿಡೋದು, ಗಾಡಿ ಉರುಳಿ ಓಟ ಹಿಡಿದಾಗ ಎರಡನೇ ಗೇರಿನಲ್ಲಿ ಕ್ಲಚ್ ಬಿಡೋದು. ಇಂಜಿನ್ ಒಂದು ಸಲ ಕೆಮ್ಮಿ ಎದ್ದು ಕೂರುತ್ತಿತ್ತು. ನನ್ನ ಮದುವೆ ಆದ ಕೋಲಾರದ ಛತ್ರದ ಮುಂದೆ ರಸ್ತೆ ತಟ್ಟೆಯಷ್ಟು ಸಮ. ಅತ್ತೆ ಎಲ್ಲೋ ದೂರದ ಏರಿನಲ್ಲಿ ಗಾಡಿ ನಿಲ್ಲಿಸಿ, ರೇಷ್ಮೆ ಸೀರೆಯಲ್ಲಿ, ಸೊಂಟದ ಮೇಲೆ ಒಂದು ಹಲಸಿನ ಹಣ್ಣು ಇಟ್ಟುಕೊಂಡು ನಡೆದು ಬಂದಳು. ಮುಹೂರ್ತ ಮುಗಿದಿತ್ತು. "ನಿಂಗೆ ಹೆಣ್ಣು ನೋಡಿದವರು ಛತ್ರ ಯಾಕ್ಲಾ ನೋಡಲಿಲ್ಲ?" ಅಂತ ಬೈದು ಅಕ್ಷತೆ ಹಾಕಿದಳು.

ನಾನು ಮುಳಬಾಗಿಲಿನಲ್ಲಿ ಮೇಷ್ಟ್ರು. ಬೇಸಿಗೆ ರಜೆ ಬಂದರೆ ಅತ್ತೆಯ ತೋಟಕ್ಕೆ ಹೋಗುವುದು ವಾಡಿಕೆ. ಒಂದು ಸಲ ಮಾವಿನ ಹಣ್ಣು ತುಂಬಿಕೊಂಡು ಶ್ರೀನಿವಾಸಪುರದ ಮಂಡಿಗೆ ಹೊರಟಿದ್ದೆವು. ಅರ್ಧ ದಾರಿಯಲ್ಲಿ ಮುಂದಿನಿಂದ ಬುಸ್ಸೆಂದು ಆವಿ ಎದ್ದಿತು. ರೇಡಿಯೇಟರು ತೂತು. ಸುತ್ತ ಮುತ್ತ ಮೆಕ್ಯಾನಿಕ್ ಹಾಗಿರಲಿ, ಒಂದು ನರಪಿಳ್ಳೆಯೂ ಇಲ್ಲ. ನಾನು ಬಸ್ಸಿಗೆ ಕಾಯೋಣ ಅನ್ನುವಷ್ಟರಲ್ಲಿ ಅತ್ತೆ ಸೀಟಿನ ಕೆಳಗಿಂದ ಒಂದು ಡಬ್ಬಿ ತೆಗೆದಳು. ಅರಿಶಿನ. ಇಂಜಿನ್ ಆರುವವರೆಗೆ ಮರದ ಕೆಳಗೆ ಕೂತಿದ್ದು, ಆಮೇಲೆ ರೇಡಿಯೇಟರಿನ ಬಾಯಿ ತೆರೆದು, ಎರಡು ಹಿಡಿ ಅರಿಶಿನ ಸುರಿದು ನೀರು ತುಂಬಿದಳು.

"ಇದೇನತ್ತೆ, ಪೂಜೆನಾ?"

"ಗಾಯ ಆದ್ರೆ ನಿಂಗೇನು ಹಚ್ತಿದ್ದೆ?"

ಪುಡಿ ಹೋಗಿ ತೂತಿಗೆ ಕೂತಿತು. ಗಾಡಿ ಮಂಡಿ ಮುಟ್ಟಿತು, ವಾಪಸ್ಸೂ ಬಂತು, ಇನ್ನೂ ಮೂರು ತಿಂಗಳು ಓಡಿತು. ಆ ಮೂರು ತಿಂಗಳೂ ಬಾನೆಟ್ ತೆರೆದರೆ ಸಾರಿನ ಘಮ ಬಂದು ಹಸಿವಾಗುತ್ತಿತ್ತು. ಕಾಲೇಜಿನಲ್ಲಿ ವಿಜ್ಞಾನ ಓದಿದವನು ನಾನು. ಆವತ್ತು ಆ ಮರದ ಕೆಳಗೆ ನನಗೆ ಅತ್ತೆಯ ಕಾಲಿಗೆ ಬೀಳಬೇಕು ಅನ್ನಿಸಿದ್ದು ನಿಜ.

ಹೀಗೆ ಹದಿನೈದು ವರ್ಷ ಕಳೆದ ಮೇಲೆ ಅವಳ ಮಗ, ನನಗೆ ಭಾವ ಆಗಬೇಕು, ಹೊಸ ಪಿಕಪ್ ತಂದ. ಹಾಲಿನಷ್ಟು ಬಿಳಿ. ಗುಂಡಿ ಒತ್ತಿದರೆ ಗಾಜು ಇಳಿಯುತ್ತದೆ, ಒಂದೇ ಬೆರಳಲ್ಲಿ ಸ್ಟೇರಿಂಗ್ ತಿರುಗುತ್ತದೆ, ಅದರ ಮುಂದೆ ಬಣ್ಣಬಣ್ಣದ ದೀಪ. ಅತ್ತೆ ಒಂದು ಸುತ್ತು ಬಂದು ಬಾನೆಟ್ ಎತ್ತಿಸಿದಳು. ಒಳಗೆ ಇಂಜಿನ್ ಕಾಣಲಿಲ್ಲ. ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ.

"ಯಾಕೋ ಮುಸುಕು ಹಾಕ್ಕೊಂಡದೆ?"

"ಅಮ್ಮಾ, ಅದನ್ನೆಲ್ಲ ನಾವು ಮುಟ್ಟಬಾರದು. ಕಂಪನಿಯೋರೇ ಬರ್ತಾರೆ."

"ಮನೇಲಿಟ್ಕೊಂಡು ಮುಟ್ಟಬಾರದು ಅಂದ್ರೆ ಅದು ದೇವರಾಗಿರಬೇಕು, ಇಲ್ಲ ಕರೆಂಟಾಗಿರಬೇಕು" ಅಂದಳು ಅತ್ತೆ.

ಆದರೂ ಸುಳ್ಳು ಹೇಳಬಾರದು, ಆ ಗಾಡಿ ಓಡುವುದನ್ನು ನೋಡಿ ಅವಳೂ ಬೆರಗಾದಳು. ತುಂಬಿದ ಲೋಡಿನಲ್ಲಿ ಉಸಿರು ಬಿಡದೆ ಏರು ಹತ್ತುತ್ತಿತ್ತು. ಸಮ ನೆಲದಲ್ಲಿ ನಿಂತಲ್ಲೇ ಚಾಲೂ ಆಗುತ್ತಿತ್ತು. "ಬುದ್ಧಿವಂತೆ ಕಣೋ ಇವಳು" ಅಂತ ಒಪ್ಪಿಕೊಂಡಳು. ಒಂದು ವರ್ಷದ ಮೇಲೆ, ಮಾವಿನ ಸುಗ್ಗಿಯ ನಡುವೆ, ಆ ಬುದ್ಧಿವಂತೆಯ ಸ್ಟೇರಿಂಗ್ ಮುಂದಿನ ದೀಪಗಳಲ್ಲಿ ಒಂದು ಹತ್ತಿಕೊಂಡಿತು. ಆಮೇಲೆ ಎಷ್ಟು ತುಳಿದರೂ ಗಾಡಿ ಎಮ್ಮೆ ನಡಿಗೆ ಬಿಟ್ಟು ಮುಂದಕ್ಕಿಲ್ಲ. ಕೋಲಾರದಿಂದ ಮೆಕ್ಯಾನಿಕ್ ಬಂದ. ಅವನ ಕೈಯಲ್ಲಿ ಸ್ಪ್ಯಾನರ್ ಇಲ್ಲ, ಕಂಪ್ಯೂಟರ್ ಇತ್ತು. ವೈರು ಸಿಕ್ಕಿಸಿ ಬಹಳ ಹೊತ್ತು ನೋಡಿ, "ಸೆನ್ಸರ್ ಹೋಗಿದೆ ಅಮ್ಮಾ" ಅಂದ.

"ಗಾಡಿಗೆ ಏನಾಗಿದೆ?"

"ಗಾಡಿಗೆ ಏನೂ ಆಗಿಲ್ಲ. ಏನಾದ್ರೂ ಆದ್ರೆ ಹೇಳುತ್ತಲ್ಲ, ಆ ಪಾರ್ಟ್‌ಗೆ ಆಗಿದೆ."

ಅತ್ತೆ ಯೋಚಿಸಿದಳು. "ಅಂದ್ರೆ ರೋಗಿ ಗಟ್ಟಿಯಾಗವ್ನೆ, ಡಾಕ್ಟರಿಗೆ ಜ್ವರ."

ಆ ಪಾರ್ಟು ಬರಲು ನಾಲ್ಕು ದಿನ ಅಂತ ಹೇಳಿ ಅವನು ಹೋದ. ನಾಲ್ಕನೇ ದಿನ ಬೆಳಿಗ್ಗೆ ಭಾವ ಅದನ್ನು ತರಲು ಬಸ್ಸು ಹತ್ತಿ ಕೋಲಾರಕ್ಕೆ ಹೊರಟ. ಅವನು ಹೋಗಿ ಸ್ವಲ್ಪ ಹೊತ್ತಿಗೆ, ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಮಾವ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡರು. ಮೈಯೆಲ್ಲ ಬೆವರು. ಯಾರಿಗಾದರೂ ಫೋನ್ ಮಾಡೋಣ, ಗಾಡಿ ತರಿಸೋಣ ಅಂತ ರಜೆಗೆ ಬಂದಿದ್ದ ನಾನು ತೊದಲುತ್ತಿದ್ದೆ. ಅತ್ತೆ ಆಗಲೇ ಹಳೆ ಪಿಕಪ್ಪಿನ ಬಾಗಿಲು ತೆರೆದಿದ್ದಳು. ಹಿಂದೆ ಮಂಡಿಗೆ ಹೋಗಬೇಕಾದ ಹಣ್ಣಿನ ಕ್ರೇಟುಗಳು ತುಂಬಿದ್ದವು.

"ಇಳಿಸೋಣವಾ ಅತ್ತೆ?"

"ಇರಲಿ. ಭಾರ ಇದ್ರೆ ಬೇಗ ಉರುಳುತ್ತೆ. ನೀನು ಅವರನ್ನ ಹಿಡ್ಕೋ."

ಹ್ಯಾಂಡ್‌ಬ್ರೇಕ್ ಬಿಟ್ಟಳು. ತೋಟದ ಇಳಿಜಾರಿನಲ್ಲಿ ಗಾಡಿ ಸದ್ದಿಲ್ಲದೆ ಉರುಳಿತು. ನಾನು ಮಾವನನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಇಂಜಿನ್ ಕೆಮ್ಮಿತು, ಎದ್ದಿತು. ಅಲ್ಲಿಂದ ಕೋಲಾರದವರೆಗೂ ಅತ್ತೆ ಕಣ್ಣನ್ನು ರಸ್ತೆಯಿಂದ ತೆಗೆಯಲಿಲ್ಲ, ಬಾಯನ್ನು ಮಾವನಿಂದ ತೆಗೆಯಲಿಲ್ಲ. "ಏನ್ರೀ, ಆ ಮೂಲೆಯ ಬಾದಾಮಿ ಮಾವಿನ ಮರ ನೆಟ್ಟಿದ್ದು ನೀವೋ ನಿಮ್ಮಪ್ಪನೋ? ಹೇಳಿ. ಏನ್ರೀ, ನಿಮ್ಮಕ್ಕನ ಮದುವೇಲಿ ಲಾಡು ಕಮ್ಮಿ ಬಿತ್ತಲ್ಲ, ಯಾರ ತಪ್ಪು ಅದು? ಹೇಳ್ರೀ." ಮಾವ ಪಾಪ, ನೋವಿನಲ್ಲೂ ಲಾಡಿನ ವಿಷಯದಲ್ಲಿ ತಮ್ಮ ಅಕ್ಕನನ್ನು ಬಿಟ್ಟುಕೊಡಲಿಲ್ಲ. ಜಗಳ ಆಸ್ಪತ್ರೆಯ ಬಾಗಿಲವರೆಗೂ ನಡೆಯಿತು.

ಆಸ್ಪತ್ರೆಯ ಅಂಗಳ ಸಮತಟ್ಟು. ಇಂಜಿನ್ ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ. ಅತ್ತೆ ಹಾಗೇ ಬಿಟ್ಟು ಒಳಗೆ ಓಡಿದಳು. ವಾಚ್‌ಮನ್ ಬಂದು ಗದರಿದಾಗ ಬಾಗಿಲಿನಿಂದಲೇ, "ಡಾಕ್ಟ್ರು ಬಂದು ಹೇಳೋವರೆಗೂ ಅದನ್ನ ನಿಲ್ಲಿಸಬೇಡ ಕಣಣ್ಣಾ" ಅಂದಳು. ಅವಳ ಮುಖ ನೋಡಿ ಆತ ಗೇಟಿನ ಕಡೆಗೆ ವಾಪಸ್ ಹೋದ. ಗಡಗಡ ಅನ್ನುತ್ತಾ ಗಾಡಿ ಮಧ್ಯಾಹ್ನದವರೆಗೂ ಅಲ್ಲೇ ನಿಂತಿತ್ತು. ಡಾಕ್ಟರು ಹೊರಬಂದು, "ಸರಿಯಾದ ಹೊತ್ತಿಗೆ ತಂದಿದೀರಿ, ಇನ್ನು ಭಯವಿಲ್ಲ" ಅಂದಾಗ ಅತ್ತೆ ಹೋಗಿ ಕೀ ತಿರುಗಿಸಿ, ಬಾನೆಟ್ ಮೇಲೆ ಒಂದು ಗಳಿಗೆ ಅಂಗೈ ಇಟ್ಟು ಬಂದಳು. ಮಂಡಿಗೆ ಹೋಗದ ಹಣ್ಣು ಎರಡು ದಿನದಲ್ಲಿ ವಾರ್ಡಿನ ರೋಗಿಗಳಿಗೆ, ನರ್ಸುಗಳಿಗೆ, ವಾಚ್‌ಮನ್ ಮನೆಗೆ ಹಂಚಿಹೋಯಿತು. ಇಡೀ ಆಸ್ಪತ್ರೆಯಲ್ಲಿ ತಿನ್ನುವ ಹಾಗಿಲ್ಲದವರು ಒಬ್ಬರೇ, ಅದು ಮಾವ.

ಖಾಲಿಯಾದ ಹಳೆ ಗಾಡಿಯನ್ನು ಭಾವ ಜನರಿಂದ ತಳ್ಳಿಸಿ ಚಾಲೂ ಮಾಡಿ ತೋಟಕ್ಕೆ ಒಯ್ದಿದ್ದ. ವಾರದ ಮೇಲೆ ಮಾವನನ್ನು ಮನೆಗೆ ಕಳಿಸುವ ದಿನ ನಾನು, ಅತ್ತೆ ಹಟ ಹಿಡಿದು ಹಳೆ ಗಾಡಿಯನ್ನೇ ತರಿಸುತ್ತಾಳೆ ಅಂದುಕೊಂಡಿದ್ದೆ. ಅವಳು, "ಹೊಸದನ್ನ ತಗೊಂಡ್ ಬಾ. ಹಳೇದು ಕುಲುಕುತ್ತೆ, ಅವರಿಗೆ ಆಗಲ್ಲ" ಅಂದಳು. ಅಷ್ಟೇ. ರಿಪೇರಿಯಾದ ಬಿಳಿ ಗಾಡಿಯನ್ನು ನಾನೇ ಓಡಿಸಿದೆ. ಕಿಟಕಿಯ ಪಕ್ಕ ದಿಂಬಿಗೆ ಒರಗಿ ಮಾವ, ನಡುವೆ ಅತ್ತೆ. ಕೋಲಾರ ಬಿಟ್ಟಾಗಿನಿಂದ ನಾನು ಗೇರು ಬದಲಿಸಿದಾಗಲೆಲ್ಲ ಅವಳ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಶ್ರೀನಿವಾಸಪುರ ಕಳೆದು ಮಾವಿನ ತೋಪುಗಳ ನಡುವೆ ಬಂದಾಗ ಆ ಕಾಲು ನಿಂತಿತು. ತಿರುಗಿ ನೋಡಿದರೆ ಅತ್ತೆ ಮಾವನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ನಡೆಯುವ ಗಾಡಿಯಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾವ ಭುಜ ಅಲುಗಿಸದೆ, ತೀರಾ ಮೆಲ್ಲಗೆ ಹೇಳಿದರು: "ಇಷ್ಟು ವರ್ಷ ಇವಳ ಪಕ್ಕ ಕೂತು ನಾನು ನಿದ್ದೆ ಮಾಡ್ತಿದ್ದೆ ಕಣಪ್ಪಾ."

ತೋಟದ ತಿರುವು ಬಂತು. ನಾನು ವೇಗ ತಗ್ಗಿಸಿದೆ. ಮಾವ ಕೈಯೆತ್ತಿ ಮುಂದಿನ ರಸ್ತೆ ತೋರಿಸಿದರು. ತಿರುವು ಬಿಟ್ಟು ನೇರಕ್ಕೆ, ಆಂಧ್ರದ ಗಡಿಯ ಕಡೆಗೆ, ಹಾರ್ನ್ ಮಾಡದೆ ನಿಧಾನಕ್ಕೆ ಓಡಿಸಿಕೊಂಡು ಹೋದೆ.